ಅಣ್ಣನು ಓದಿದ ಕಾಗದ

ನಮ್ಮ ತಂದೆಯವರು ಸೈನಿಕರಾಗಿದ್ದುದರಿಂದ ಎರಡು ಮೂರು ವರುಷಗಳಿಗೊಮ್ಮೆ ನಾವು ಊರನ್ನೂ ಶಾಲೆಯನ್ನೂ ಗೆಳತಿಯರನ್ನೂ ಬಿಟ್ಟು ಹೊರಡಬೇಕಾಗುತ್ತಿತ್ತು. ಎಲ್ಲೆಡೆಗೂ ನನ್ನ ಜೊತೆಯಾದವರು ಅಣ್ಣನೂ ಪುಟ್ಟ ತಂಗಿಯೂ ಮಾತ್ರವೇ.

1971ನೆಯ ಇಸವಿಯ ಡಿಸೆಂಬರಿನಲ್ಲಿ ಯುದ್ಧವು ಆರಂಭವಾದಾಗ ನಾವು ಮಡಿಕೇರಿಯಲ್ಲಿ ಅಜ್ಜಿಯ ಮನೆಯಲ್ಲಿದ್ದೆವು. ತಂದೆಯವರ ಕಾಗದಗಳ ಮೇಲೆ ‘56 ಎ.ಪಿ.ಓ.’ ಎಂದಿರುತ್ತಿತ್ತೇ ಹೊರತು ಸ್ಥಳದ ಹೆಸರು ಇರುತ್ತಿರಲಿಲ್ಲ. ಒಂದು ವಾರ ಕಾಗದವೇ ಬರಲಿಲ್ಲ. ತಂಗಿಯು ಅಳತೊಡಗಲು, ಅಣ್ಣನು ಹಳೆಯ ಕಾಗದವನ್ನೇ ತೆರೆದು, ಅದರಲ್ಲಿಲ್ಲದ ಮುದ್ದಿನ ಮಾತುಗಳನ್ನು ಸೇರಿಸಿ, ಹೊಸದೆಂಬಂತೆ ಓದಿದನು. ನಾನು ಅರಿತೂ ಸುಮ್ಮನಿದ್ದೆನು.

ಆ ತಿಂಗಳ 17ರಂದು ಕದನವು ನಿಂತಿತು. ತಂದೆಯವರು ಕ್ಷೇಮವಾಗಿ ಮರಳಿದರು.

ಮುಂದೆ ಅಣ್ಣನೂ ಸೈನ್ಯವನ್ನು ಸೇರಿದನು. ಆತನ ಕಾಗದವು ತಡವಾದಾಗ ತಾಯಿಯವರಿಗೆ ಹಳೆಯದನ್ನು ಓದುವ ಸರದಿಯು ನನ್ನದಾಯಿತು. ಅವರೂ ಅರಿತೇ ಸುಮ್ಮನಿದ್ದರೆಂದು ಈಗ ತೋರುತ್ತದೆ.