ಶಿಶುವಿನ ರಾತ್ರಿಯುಡುಪು

ನಮ್ಮ ಹೊಲಿಗೆಯ ತರಗತಿಯಲ್ಲಿ ಕಲಿತ ಅನೇಕರು ಇಂದು ಉಡುಪಿ, ಕಾಪು, ಕಾರ್ಕಳಗಳಲ್ಲಿ ತಾಯಂದಿರಾಗಿರುವರು. ಹಸುಗೂಸಿಗೆ ಅಂಗಿ ಹೊಲಿಯುವಾಗ ಅಂದಕ್ಕಿಂತ ಮೊದಲು ಅದರ ಉಸಿರನ್ನು ನೆನೆಯಬೇಕೆಂಬುದು ನಮ್ಮ ಬಿನ್ನಹ.

ಕಡಲತೀರದ ಸೆಕೆಗೆ ನೈಲಾನು ತಕ್ಕುದಲ್ಲ. ಒಗೆದೊಗೆದು ಮೆತ್ತಗಾದ ಉಡುಪಿಯ ಕೈಮಗ್ಗದ ಹತ್ತಿಸೀರೆಯೇ ಲೇಸು. ಅಂಗಿಯು ಮುಂದೆ ತೆರೆಯುವಂತಿದ್ದು, ಬದಿಯಲ್ಲಿ ಗಿಡ್ಡ ಕಸೆಯಿದ್ದರೆ ಸಾಕು. ಕತ್ತಿನ ಸುತ್ತ ಲಾಡಿ, ಕರಿದಾರಗಳೂ, ಎದೆಯ ಮೇಲೆ ಪಿನ್ನೂ ಬೇಡ. ಹೊಲಿಗೆಯ ಅಂಚು ಹೊರಮೈಗಿರಲಿ. ಕಾಲಾಡುವಷ್ಟು ಸಡಿಲವಿರಲಿ; ಕಾಲುಗಳನ್ನು ನೀಡಿ ಬಿಗಿದು ಸುತ್ತಿದರೆ ಸೊಂಟದ ಕೀಲಿಗೆ ಕೇಡು.

ಕೂಸನ್ನು ಅಂಗಾತವೇ ಮಲಗಿಸತಕ್ಕದ್ದು. ಬೋರಲಾಗಿ ಮಲಗಿಸಬಾರದೆಂದು ಅಮೇರಿಕದ ಶಿಶುವೈದ್ಯರ ಸಂಘವು 1992ರಲ್ಲಿ ಸಾರಿದ ಬಳಿಕ, ಹತ್ತು ವರ್ಷಗಳೊಳಗೆ ಅಲ್ಲಿ ನಿದ್ದೆಯಲ್ಲಿ ಹಠಾತ್ತಾಗಿ ಸಾಯುವ ಶಿಶುಗಳ ಪ್ರಮಾಣವು ಅರ್ಧದಷ್ಟು ಇಳಿಯಿತು.

ಮಳೆಗಾಲದಲ್ಲಿ ಅಜ್ಜಿಯವರು ಟೊಪ್ಪಿಗೆ, ಕಂಬಳಿ ಬೇಕೆನ್ನುವರು. ಆದರೆ ತಲೆಯ ಮೂಲಕ ಮೈಯ ಬಿಸಿಯು ಹೊರಹೋಗಬೇಕು. ಜಾರಿದ ಟೊಪ್ಪಿಗೆಯೂ ಕಂಬಳಿಯೂ ಮೂಗನ್ನು ಮುಚ್ಚಬಹುದು. ಹಿರಿಯರ ಮಾತನ್ನು ಮೀರಲು ಅಂಜುವ ಸೊಸೆಗೆ ನಾವು ಹೇಳುವುದಿಷ್ಟೆ: ಅವರು ಬಯಸುವುದೂ ಕೂಸಿನ ಕ್ಷೇಮವನ್ನೇ. ಅವರ ಹಳೆಯ ಸೀರೆಯಿಂದಲೇ ಇನ್ನೊಂದು ಅಂಗಿಯನ್ನು ಹೊಲಿದು ಮೇಲೆ ತೊಡಿಸಿರಿ. ಕೂಸು ಬೆಚ್ಚಗಿರುವುದು, ಅಜ್ಜಿಯವರಿಗೂ ಸಮಾಧಾನವಾಗುವುದು.