ಟೆಮಿನ್ನರ ಆರು ವರ್ಷ

ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಪೇಟನ್ ರೌಸ್ ಎಂಬ ತರುಣ ವಿಜ್ಞಾನಿಯಿದ್ದರು. ಮೈಯಲ್ಲಿ ದೊಡ್ಡ ಗಂಟು ಬೆಳೆದಿದ್ದ ಕೋಳಿಯೊಂದು ಅವರ ಕೈ ಸೇರಿತು. ಆ ಗಂಟು ಕ್ಯಾನ್ಸರಿನದು. ರೌಸ್ ಅದನ್ನು ಅರೆದು, ಜೀವಕೋಶಗಳೂ ಬ್ಯಾಕ್ಟೀರಿಯಗಳೂ ನುಸುಳಲಾರದ ಶೋಧಕದಲ್ಲಿ ಸೋಸಿ, ಆ ರಸವನ್ನು ಆರೋಗ್ಯವಾದ ಕೋಳಿಗಳಿಗೆ ಚುಚ್ಚಿದರು. ಅವುಗಳಲ್ಲಿಯೂ ಗಂಟು ಮೂಡಿತು. ಕ್ಯಾನ್ಸರನ್ನು ತರಬಲ್ಲ ವೈರಸ್ಸೊಂದು ಉಂಟೆಂದು ಸೂಚಿಸಿದ ಈ ಪ್ರಯೋಗ 1911ರಲ್ಲಿ ಪ್ರಕಟವಾಯಿತು. ಬಹುಮಂದಿ ಅದನ್ನು ನಂಬಲಿಲ್ಲ. ರೌಸರಿಗೆ ನೊಬೆಲ್ ಪಾರಿತೋಷಕ ದೊರೆತದ್ದು 1966ರಲ್ಲಿ, ಅವರ 87ನೆಯ ವಯಸ್ಸಿನಲ್ಲಿ!

ಆ ವೈರಸ್ಸಿನ ಒಗಟನ್ನು ಬಿಡಿಸಲು ಹೊರಟವರು ಹೊವಾರ್ಡ್ ಟೆಮಿನ್. 1934ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಹುಟ್ಟಿದ ಅವರು ಕ್ಯಾಲಿಫೋರ್ನಿಯದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಗಾಜಿನ ತಟ್ಟೆಯಲ್ಲಿ ಕೋಳಿಯ ಜೀವಕೋಶಗಳನ್ನು ಬೆಳೆಸಿ ಅವುಗಳಿಗೆ ರೌಸ್ ವೈರಸ್ಸನ್ನು ಸೋಕಿಸುತ್ತಿದ್ದರು. ಸೋಂಕು ತಗುಲಿದ ಕೋಶಗಳು ತಮ್ಮ ಆಕಾರವನ್ನು ಬಿಟ್ಟು ದುಂಡಗಾಗಿ ಒಂದರ ಮೇಲೊಂದು ಗುಡ್ಡೆಯಾಗುತ್ತಿದ್ದವು. ಅವು ಒಡೆದು ಎರಡಾದಾಗ ಮರಿಕೋಶಗಳೂ ಅದೇ ರೂಪವನ್ನು ತಾಳುತ್ತಿದ್ದವು. ಲಕ್ಷಣವು ಇಷ್ಟು ಭದ್ರವಾಗಿ ತಲೆಮಾರುಗಳಿಗೆ ಇಳಿಯಬೇಕಾದರೆ, ವೈರಸ್ಸಿನ ಬರಹವು ಜೀವಕೋಶದ ವಂಶವಾಹಿಗಳ ನಡುವೆಯೇ ಸೇರಿಕೊಂಡಿರಬೇಕಲ್ಲವೆ?

ತೊಡಕು ಇದ್ದುದು ಇಲ್ಲಿಯೇ. ಕೋಶದ ವಂಶವಾಹಿಗಳು ಡಿ.ಎನ್.ಎ.ಯಿಂದಾದುವು, ಈ ವೈರಸ್ಸಿನವು ಆರ್.ಎನ್.ಎ.ಯಿಂದಾದುವು. ಡಿ.ಎನ್.ಎ. ಕಚೇರಿಯ ಮೂಲ ದಾಖಲೆಯಿದ್ದಂತೆ, ಆರ್.ಎನ್.ಎ. ಅದರಿಂದ ಬರೆದುಕೊಂಡ ನಕಲು. ನಕಲನ್ನು ನೋಡಿ ಮೂಲವನ್ನು ಬರೆಯುವ ಪದ್ಧತಿ ಯಾವ ಕಚೇರಿಯಲ್ಲಿದೆ? ಪ್ರಕೃತಿಯಲ್ಲಿಯೂ ಇಲ್ಲವೆಂದೇ ಅಂದಿನ ವಿಜ್ಞಾನಿಗಳು ಬಗೆದಿದ್ದರು.

1960ರಲ್ಲಿ ಟೆಮಿನ್ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವನ್ನು ಸೇರಿದರು. (ನಮ್ಮ ಹರಗೋವಿಂದ ಖೊರಾನ ಅವರೂ ಅದೇ ವರ್ಷ ಅಲ್ಲಿಗೆ ಬಂದರು.) ದೊರೆತ ಪ್ರಯೋಗಾಲಯ ನೆಲಮಾಳಿಗೆಯದು, ಅಲ್ಲಿ ಹಬೆಯ ಕೊಳವೆಗಳು ಹಾದುಹೋಗಿದ್ದವು. ಡಿ.ಎನ್.ಎ.ಯಿಂದ ಆರ್.ಎನ್.ಎ. ತಯಾರಾಗುವುದನ್ನು ತಡೆಯುವ ಆಕ್ಟಿನೊಮೈಸಿನ್ ಎಂಬ ಔಷಧವನ್ನು ಅವರು ಸೋಂಕಿತ ಕೋಶಗಳಿಗೆ ಹಾಕಿದರು. ಪೋಲಿಯೋದಂಥ ಆರ್.ಎನ್.ಎ. ವೈರಸ್ಸುಗಳು ಇದಕ್ಕೆ ಜಗ್ಗುವುದಿಲ್ಲ. ಆದರೆ ರೌಸ್ ವೈರಸ್ಸಿನ ಉತ್ಪತ್ತಿ ನಿಂತುಹೋಯಿತು! ಅದು ಮೊದಲು ತನ್ನ ಆರ್.ಎನ್.ಎ.ಯಿಂದ ಡಿ.ಎನ್.ಎ. ಪ್ರತಿಯೊಂದನ್ನು ಮಾಡಿಕೊಳ್ಳುತ್ತದೆ ಎಂದು 1964ರಲ್ಲಿ ಟೆಮಿನ್ ಸಾರಿದರು.

ಕೇಳಿದವರು ಒಪ್ಪಲಿಲ್ಲ; ಕೆಲವರು ಹಾಸ್ಯವನ್ನೂ ಮಾಡಿದರು. ಅವರನ್ನು ಪೂರ್ತಿಯಾಗಿ ದೂರುವಂತಿಲ್ಲ. ಔಷಧವು ಕೋಶಕ್ಕೆ ಬೇರೆ ರೀತಿಯಲ್ಲಿಯೂ ಹಾನಿ ಮಾಡಿರಬಹುದಲ್ಲ! ಟೆಮಿನ್ ವಾದಕ್ಕೆ ನಿಲ್ಲದೆ ಇನ್ನಷ್ಟು ಪ್ರಯೋಗಗಳನ್ನು ಹೂಡಿದರು. ಹೀಗೆಯೇ ಆರು ವರ್ಷಗಳು ಕಳೆದವು.

ಕೊನೆಗೆ ಜಪಾನಿನಿಂದ ಬಂದಿದ್ದ ಸತೋಷಿ ಮಿಜುತಾನಿಯವರೊಡನೆ ಅವರು ವೈರಸ್ ಕಣಗಳಲ್ಲಿಯೇ ಉತ್ತರವನ್ನು ಹುಡುಕಿದರು. ಮಾರ್ಜಕದಿಂದ ಕಣಗಳ ಹೊದಿಕೆಯನ್ನು ಸಡಿಲಿಸಿ ಡಿ.ಎನ್.ಎ.ಗೆ ಬೇಕಾದ ಸಾಮಗ್ರಿಗಳನ್ನು ಒದಗಿಸಿದರು. ಅಲ್ಲಿ ಜೀವಕೋಶದ ಸುಳಿವೇ ಇರಲಿಲ್ಲ, ಆದರೂ ಡಿ.ಎನ್.ಎ. ಹುಟ್ಟಿತು. ವೈರಸ್ಸಿನ ಆರ್.ಎನ್.ಎ.ಯನ್ನು ಮೊದಲೇ ನಾಶಮಾಡಿದಾಗ ಅದು ಬಹುಮಟ್ಟಿಗೆ ನಿಂತಿತು. ನಕಲಿನಿಂದ ಮೂಲವನ್ನು ಬರೆಯುವ ಕಿಣ್ವವನ್ನು ವೈರಸ್ ತಾನೇ ಹೊತ್ತು ತಂದಿತ್ತು. ಇದೇ ಸಂಗತಿಯನ್ನು ಮಸಾಚುಸೆಟ್ಸಿನಲ್ಲಿ ಡೇವಿಡ್ ಬಾಲ್ಟಿಮೋರ್ ಸ್ವತಂತ್ರವಾಗಿ ಕಂಡುಕೊಂಡಿದ್ದರು. 1970ರ ಜೂನ್ ತಿಂಗಳಲ್ಲಿ ಎರಡೂ ಲೇಖನಗಳು ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು.

ರೌಸ್ ವೈರಸ್ಸಿನ ಕ್ಯಾನ್ಸರ್ ವಂಶವಾಹಿಯ ಮೂಲವು ಕೋಳಿಯ ಆರೋಗ್ಯವಂತ ಜೀವಕೋಶದಲ್ಲಿಯೇ ಉಂಟೆಂದು ಬಿಷಪ್ ಮತ್ತು ವಾರ್ಮಸ್ ಎಂಬವರು 1976ರಲ್ಲಿ ತೋರಿಸಿದರು. ಶತ್ರುವು ಹೊರಗಿನಿಂದಷ್ಟೇ ಬಂದವನಲ್ಲವೆಂದಾಯಿತು. ಏಡ್ಸ್ ರೋಗದ ವೈರಸ್ಸೂ ಇದೇ ಕಿಣ್ವವನ್ನು ಬಳಸುತ್ತದೆ. ಆ ರೋಗದ ಮೊದಲ ಔಷಧ ತಡೆದದ್ದು ಈ ಕಿಣ್ವವನ್ನೇ. 2020ರಲ್ಲಿ ಕೊರೋನಾ ಪರೀಕ್ಷೆಗಾಗಿ ಮೂಗಿನಿಂದ ತೆಗೆದ ದ್ರವದಲ್ಲಿದ್ದ ಆರ್.ಎನ್.ಎ.ಯನ್ನು ಡಿ.ಎನ್.ಎ.ಗೆ ತಿರುಗಿಸಿದ್ದೂ ಇಂಥ ಕಿಣ್ವವೇ.

1975ರಲ್ಲಿ ಟೆಮಿನ್, ಬಾಲ್ಟಿಮೋರ್ ಮತ್ತು ಟೆಮಿನ್ನರ ಗುರು ಡುಲ್ಬೆಕೊ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಸ್ಟಾಕ್‌ಹೋಮಿನ ಔತಣಕೂಟದಲ್ಲಿ ಮಾತನಾಡಿದ ಟೆಮಿನ್, ಕ್ಯಾನ್ಸರನ್ನು ತಡೆಯುವ ಮುಖ್ಯ ಉಪಾಯವೊಂದು ಕೈಯಲ್ಲಿದ್ದರೂ ಜನರು ಸಿಗರೇಟನ್ನು ಬಿಡುತ್ತಿಲ್ಲವಲ್ಲ ಎಂದು ಸಿಡಿಮಿಡಿಗೊಂಡರು. ತಾವು ಎಂದೂ ಸಿಗರೇಟು ಸೇದದ ಅವರು 1994ರಲ್ಲಿ, 59ನೆಯ ವಯಸ್ಸಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು.