ಹಿಂದಿನ ಸೀಟಿನ್ಯಾಗ ಕೂತು ನೋಡ್ರಿ

ಮನ್ಯಾಗ ಹೊಸಾ ಕಾರಿನ ಮಾತು ಎದ್ದಾಗ ಗಂಡಸರು ಇಂಜಿನ್ ವಿಚಾರ ಮಾತಾಡ್ತಾರ, ನಮ್ಮನ್ನ ಬಣ್ಣ ಅಷ್ಟ ಕೇಳ್ತಾರ. ಆದ್ರ ಐದಾರು ವರ್ಷ ಕಂತು ಹೋಗೂದು ಮನೀ ಖರ್ಚಿನ್ಯಾಗಿಂದನ. ಅದಕ್ಕ ನಾವೂ ನಾಕು ಮಾತು ತಿಳಕೊಂಡಿರಬೇಕು, ಅಕ್ಕಾರ.

ನಮ್ಮಲ್ಲೆ ಈಗ ಫೋಕ್ಸ್‌ವ್ಯಾಗನ್ ವರ್ಟಸ್ ಜಿ.ಟಿ. ಮಾತು ನಡದದ. 2022ರಾಗ ಬಂದ ಸೆಡಾನ್, ಪುಣೆ ಹತ್ತಿರ ಚಾಕಣದಾಗ ತಯಾರಾಗ್ತದ. 1.5 ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್, ಸುಮಾರು 150 ಕುದುರಿ ಶಕ್ತಿ. ಇಷ್ಟ್ಯಾಕ ಬೇಕು ಅಂತೀರೇನು? ಸಣ್ಣ ರಸ್ತೆದಾಗ ಲಾರಿ ದಾಟಬೇಕಾದ್ರ, ಎದುರಿನ ಬಸ್ಸು ಬರೂದ್ರಾಗ ಲಗೂನ ನಮ್ಮ ಬಾಜೂಕ ಬರಬಹುದು. ಒಂದ ಹದದಾಗ ಹೊಂಟಾಗ ನಾಕು ಸಿಲಿಂಡರಿನ್ಯಾಗ ಎರಡು ತಾವ ಬಂದ್ ಆಗಿ ಪೆಟ್ರೋಲ್ ಉಳಸ್ತಾವ.

ನನಗ ಇಂಜಿನ್‌ಗಿಂತ ದೊಡ್ಡ ಮಾತು ಬ್ಯಾರೆ ಅದ. 2023ರಾಗ ಗ್ಲೋಬಲ್ ಎನ್‌ಕ್ಯಾಪ್‌ನವರ ಅಪಘಾತ ಪರೀಕ್ಷೆದಾಗ ಈ ಗಾಡಿಗೆ ದೊಡ್ಡವರ ಸುರಕ್ಷತೆಗೂ ಮಕ್ಕಳ ಸುರಕ್ಷತೆಗೂ 5 ಸ್ಟಾರ್ ಸಿಕ್ಕಾವ. ಆದ್ರ ಕೂಸಿನ್ನ ತೊಡಿ ಮ್ಯಾಲೆ ಕೂಡಿಸಿಕೊಂಡ್ರ ಆ ಸ್ಟಾರ್ ಕೆಲಸಕ್ಕ ಬರೂದಿಲ್ಲ. ಮಕ್ಕಳ ಸೀಟಿಗೆ ಬ್ಯಾರೆ ರೊಕ್ಕ ತಗದಿಡ್ರಿ.

ಡಿಕ್ಕಿ 521 ಲೀಟರ್. ಲಗ್ನಕ್ಕ ಹೋಗೂವಾಗ ಸೂಟಕೇಸು, ಉಂಡಿ ಡಬ್ಬಿ ಎಲ್ಲಾ ಹಿಡೀತಾವ.

ಇನ್ನ ತೊಡಕು ನೋಡೋಣು. ಸೆಡಾನ್ ಅಂದಮ್ಯಾಲೆ ಸೀಟು ಕೆಳಗ. ಮೊಣಕಾಲು ಬ್ಯಾನಿ ಇದ್ದ ಅತ್ತಿಯವರು ಬಗ್ಗಿ ಕೂಡಬೇಕು, ಏಳೂವಾಗ ಒಬ್ಬರು ಕೈ ಹಿಡೀಬೇಕು. ಹಿಂದಿನ ಸೀಟಿಗೆ ನಡುವ ನೆಲ ಉಬ್ಬೇದ. ಅಲ್ಲೆ ಕೂತವರ ಕಾಲು ಊರು ಮುಟ್ಟೂತನಾ ಅತ್ತಾಗೊಂದು, ಇತ್ತಾಗೊಂದು. ನೆಲದಿಂದ ಗಾಡಿ ಎತ್ತರ ಖಾಲಿ ಇದ್ದಾಗ 179 ಮಿಲಿಮೀಟರ್. ಐದು ಮಂದಿ, ಸಾಮಾನು ತುಂಬಿದ್ರ ಅದು ಇನ್ನೂ ಇಳೀತದ. ಹಂಪ್ ಬಂದಲ್ಲೆ ಸಾವಕಾಶ ಹೋಗಬೇಕು.

ಸಾಲಿ, ಬಜಾರ, ಗುಡಿ ಅಂತ ಊರಾಗ ತಿರಗೂದ ಹೆಚ್ಚಿದ್ರ ಇದ ಗಾಡಿಯೊಳಗ 1 ಲೀಟರ್ ಇಂಜಿನ್ನಿಂದೂ ಅದ, ಸುಮಾರು 115 ಕುದುರಿ. ಅಷ್ಟ ಸಾಕು. ಉಳಿದ ರೊಕ್ಕದಾಗ ಒಂದೀಟು ಬಂಗಾರರೆ ಆದೀತು. ವರ್ಷಕ್ಕ ನಾಕೈದು ಸಲ ಪುಣೆ, ಬೆಂಗಳೂರು ಹೋಗಿ ಬರೂ ಮನಿಗೆ ಜಿ.ಟಿ. ಚಲೋ.

ಟೆಸ್ಟ್ ಡ್ರೈವಿಗೆ ಹೋದಾಗ ಗಂಡಸರು ಸ್ಟೇರಿಂಗ್ ಬಿಡೂದಿಲ್ಲ, ಬಿಡವಲ್ರ್ಯಾಕ. ನೀವು ಅತ್ತಿಯವರನ್ನ ಕರಕೊಂಡು ಹಿಂದ ಕೂಡ್ರಿ. ಎರಡು ಹಂಪ್ ದಾಟಸ್ರಿ. ಅವರು ಎರಡು ಸಲ ಹತ್ತಿ ಇಳದು "ಆಗ್ತದವ್ವಾ" ಅಂದ ಮ್ಯಾಲನ ಬುಕ್ಕಿಂಗಿಗೆ ರೊಕ್ಕ ಕೊಡಸ್ರಿ.